ಒಂದು ಗಂಟೆ ನಲವತ್ತು ನಿಮಿಷ

ಆಂಡರ್ಸನ್‌ಪೇಟೆಯ ಚರ್ಚಿನ ಹಿಂದೆ, ಹೊಲಿಗೆ ತರಗತಿಯಲ್ಲಿ
ಮಷೀನುಗಳನ್ನೆಲ್ಲ ಗೋಡೆಗೆ ಸರಿಸಿ
ಮೂರು ಕುರ್ಚಿ ಹಾಕಿದೆವು.
ಒಂದು ಯಾಳಿನಿಗೆ, ಒಂದು ಭಾರ್ಗವಿ ಮೇಡಂಗೆ,
ನಡುವೆ, ಕೊಂಚ ಹಿಂದಕ್ಕೆ, ನನಗೆ.
ಅವಳ ತಮಿಳು ಕಡಲಾಚೆಯದು.
ನನ್ನದು ಗಣಿ ಲೈನಿನದು,
ಅಲ್ಲಲ್ಲಿ ತೆಲುಗು ಕಚ್ಚಿಕೊಂಡದ್ದು.
ಸಾಕು, ನಡೆಯುತ್ತೆ, ಅಂದರು.

ನಿಯಮ ಮೊದಲೇ ಹೇಳಿಕೊಟ್ಟಿದ್ದರು:
'ಅವಳು ಹೀಗನ್ನುತ್ತಾಳೆ' ಅನ್ನುವ ಹಾಗಿಲ್ಲ.
ಅವಳು ನಾನು ಅಂದರೆ ನಾನೂ ನಾನು ಅನ್ನಬೇಕು.

ಹಾಗಾಗಿ ಆವತ್ತು ಮಧ್ಯಾಹ್ನ,
ಮಾರಿಕುಪ್ಪದಲ್ಲಿ ಹುಟ್ಟಿ, ಒಮ್ಮೆ ಮಾತ್ರ ಮದರಾಸಿನಲ್ಲಿ
ಸುಂಡಲ್ ತಿನ್ನುತ್ತ ಕಡಲು ಕಂಡ ಸೆಲೀನ್ ಎಂಬ ನಾನು
ದೋಣಿಯ ತಳದಲ್ಲಿ ಮಲಗಿದೆ.
ಡೀಸೆಲ್ ವಾಸನೆ, ಅಂದೆ.
ದೂರದಲ್ಲಿ ಒಂದು ದೀಪ ತಿರುಗುತ್ತಿತ್ತು, ಅಂದೆ.
ಅಳುವ ತಮ್ಮನ ಬಾಯಿಗೆ ಯಾರೋ ಸೆರಗು ಒತ್ತಿದರು.
ಬೆಳಗಿನ ಎಣಿಕೆಯಲ್ಲಿ ಅವನಿರಲಿಲ್ಲ, ಅಂದೆ.

ಮೇಡಂ ಕೆಟ್ಟವರಲ್ಲ.
ನೀರು ತಂದಿದ್ದರು, ಕಡಲೆ ಚಿಕ್ಕಿ ತಂದಿದ್ದರು,
'ಬೇಡವೆನಿಸಿದರೆ ಇಲ್ಲಿಗೇ ನಿಲ್ಲಿಸೋಣ' ಎಂದು ನಾಲ್ಕು ಸಲ ಹೇಳಿದರು.
ನಾಲ್ಕು ಸಲವೂ ನಾನದನ್ನು ತಮಿಳಿಗೆ ದಾಟಿಸಿದೆ.
ನಾಲ್ಕು ಸಲವೂ ಅವಳು ಚಿಕ್ಕಿ ಪೊಟ್ಟಣದ ಅಂಚು ಮಡಿಚಿದಳು.

ನನಗೆ ಅಪ್ಪ ನೆನಪಾದರು.
ಗಣಿಯ ಸೈರನ್ ನಿಂತ ಮೇಲೆ ನಮ್ಮ ಲೈನಿಗೆ
ನೋಟ್‌ಬುಕ್ಕಿನವರು ಬಂದರು, ಕ್ಯಾಮೆರಾದವರು ಬಂದರು.
ಆಳದಲ್ಲಿ ಬಂಡೆ ಸಿಡಿದ ರಾತ್ರಿಯನ್ನು ಅಪ್ಪ ಹೇಳಿದರು,
ಮತ್ತೆ ಹೇಳಿದರು.
ಎಂಟನೆಯವರ ಹೊತ್ತಿಗೆ
ಎಲ್ಲಿ ಕೆಮ್ಮಬೇಕೆಂಬುದೂ ಕಥೆಯೊಳಗೆ ಸೇರಿಹೋಗಿತ್ತು.
ನಮಗೆ ಒಂದು ಸಲವೂ ಹೇಳಲಿಲ್ಲ.
ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ ಮಕ್ಕಳು ನಾವು.

ನಾಲ್ಕನೆಯ ದಿನ ಯಾಳಿನಿ ಒಬ್ಬಳೇ ಬಂದಳು.
ಹತ್ತೊಂಬತ್ತು ವಯಸ್ಸು. ರಾಬರ್ಟ್‌ಸನ್‌ಪೇಟೆಯ ಮೊಬೈಲ್ ಅಂಗಡಿಯಲ್ಲಿ
ಒಡೆದ ಗಾಜು ಬದಲಿಸುವ ಕೆಲಸ.
ಕೂರು ಅಂದರೂ ಕೂರಲಿಲ್ಲ.
'ಅಕ್ಕಾ, ಆ ದೋಣಿಯಲ್ಲಿ ನಾನಿರಲಿಲ್ಲ.'

ಅವಳು ಹುಟ್ಟಿದ್ದು ಕೃಷ್ಣಗಿರಿ ಕಡೆಯ ಕ್ಯಾಂಪಿನಲ್ಲಿ, ತಗಡಿನ ಸೂರಿನಡಿ.
ದೋಣಿ ಅಮ್ಮನದು. ಸತ್ತವನು ತಮ್ಮನಲ್ಲ,
ಅವಳಿಗಿಂತ ಮೊದಲು ಹುಟ್ಟಿದವನು.
'ಎಲ್ಲರೂ ದೋಣಿಯನ್ನೇ ಕೇಳ್ತಾರೆ.
ಪಾಪ, ಅವರು ಅಷ್ಟು ದೂರದಿಂದ ಬಂದಿದ್ದರು,
ಬರಿಗೈಲಿ ಹೇಗೆ ಕಳಿಸೋದು?'

ಆಮೇಲೆ, ಬಾಗಿಲ ಚಿಲಕ ಹಿಡಿದುಕೊಂಡು:
'ಅಮ್ಮ ಯಾವಾಗಲೂ "ಯಾರೋ" ಅಂತಲೇ ಹೇಳೋದು.
ಯಾರೋ ಸೆರಗು ಒತ್ತಿದರು, ಅಂತ.
ಚಿಕ್ಕಂದಿನಿಂದ ಕೇಳಿದ್ದೆ, ಕೇಳಿಸಿರಲಿಲ್ಲ.
ಮೊನ್ನೆ ನೀವು ಅದನ್ನು ಕನ್ನಡದಲ್ಲಿ ಅಂದಿರಲ್ಲ,
ಆಗ ಹೊಳೆಯಿತು.
ಆ ಕತ್ತಲಲ್ಲಿ ಅವನ ಪಕ್ಕ ಇದ್ದ ಸೆರಗು ಯಾರದು?
ಈಗ ಅಮ್ಮ ಬೆವರು ಒರೆಸಿಕೊಂಡರೂ
ನಾನು ಆಚೆ ನೋಡ್ತೀನಿ.'

ಮೇಡಂಗೆ ಫೋನ್ ಮಾಡಿದೆ. ಆ ಕಡೆ ಬಹಳ ಹೊತ್ತು ಮೌನ.
ಅಳಿಸಿಬಿಡುತ್ತೇನೆ, ಅದು ಅವಳ ಹಕ್ಕು, ಅಂದರು.
ಒಂದು ಫಾರಂ ಕಳಿಸಿದರು, ಜೊತೆಗೆ
ಮನಸ್ಸಿನ ಡಾಕ್ಟರೊಬ್ಬರ ನಂಬರು.
ಯಾಳಿನಿ ನಂಬರು ಬರೆದುಕೊಂಡಳು.
ಫಾರಂ ಇನ್ನೂ ನನ್ನ ಬೈಬಲ್ಲಿನೊಳಗಿದೆ.
'ಅವನ ಬಗ್ಗೆ ಇಷ್ಟು ಹೊತ್ತು
ಯಾರೂ ಮಾತಾಡಿರಲಿಲ್ಲ ಅಕ್ಕಾ,
ಒಂದು ಗಂಟೆ ನಲವತ್ತು ನಿಮಿಷ.
ಅಳಿಸಿದರೆ ಎಲ್ಲಿಗೆ ಹೋಗ್ತಾನೆ?'

ಈಗ ಭಾನುವಾರ ಪೂಜೆ ಮುಗಿದ ಮೇಲೆ ಬರುತ್ತಾಳೆ.
ಗಾಜು ಹಿಡಿದು ಪಳಗಿದ ಬೆರಳು, ಹೊಲಿಗೆ ಬೇಗ ಹತ್ತಿತು.
ನನ್ನ ಫೋನಿನ ಸೀಳು ತೆಗೆದುಕೊಟ್ಟಳು, ದುಡ್ಡು ಮುಟ್ಟಲಿಲ್ಲ.
ನಾನೇನೂ ಕೇಳುವುದಿಲ್ಲ.
ಕೆಲವು ರಾತ್ರಿ ಮಾತ್ರ ನನಗೂ ಡೀಸೆಲ್ ವಾಸನೆ ಬರುತ್ತದೆ,
ಯಾರಿಗೆ ಹೇಳಲಿ,
ಕುರ್ಚಿ ಹಿಂದಕ್ಕಿತ್ತಲ್ಲ.

ಕಳೆದ ವಾರ ಅವಳೇ ಕೇಳಿದಳು:
'ನಿಮ್ಮಪ್ಪ ಎಲ್ಲಿ ಕೆಮ್ಮುತ್ತಿದ್ದರು?'

ಬಂಡೆಯಡಿ ಸಿಕ್ಕವನ ಹೆಸರು ಬರುವುದಕ್ಕೆ ಮುಂಚೆ, ಅಂದೆ.

ಸೂಜಿಗೆ ದಾರ ಪೋಣಿಸುತ್ತಿದ್ದಳು.
ತಲೆ ಎತ್ತಲಿಲ್ಲ.